ಅವ್ಯಕ್ತ ಗಣಿತವೂ ಗಣಕಯಂತ್ರವೂ

ವ್ಯಾಕರಣವನ್ನು ಬೋಧಿಸುವವನು ಗಣಿತಕ್ಕೆ ಕೈಯಿಕ್ಕಿದನೇಕೆಂದು ವಾಚಕರು ಕೇಳಬಹುದು. ಲೋಪ, ಆಗಮ, ಆದೇಶಗಳೆಂದು ಸಂಧಿಕಾರ್ಯ ಮಾಡುವಾಗ ನಾವು ಅಕ್ಷರಗಳನ್ನೇ ಸೂತ್ರಾನುಸಾರವಾಗಿ ನಡೆಸುತ್ತೇವೆ. ಬೆಲೆ ತಿಳಿಯದ ರಾಶಿಗಳನ್ನು ಅಂತೆಯೇ ನಡೆಸುವ ಬೀಜಗಣಿತಕ್ಕೆ ಅವ್ಯಕ್ತ ಗಣಿತವೆಂದು ಹೆಸರು. ಭಾಸ್ಕರಾಚಾರ್ಯರು ಅದರಲ್ಲಿ ಅಜ್ಞಾತಗಳನ್ನು ಯಾವತ್ತಾವತ್, ಕಾಲಕ, ನೀಲಕ ಎಂದು ಕರೆದು, ಯಾ, ಕಾ, ನೀ ಎಂಬ ಮೊದಲಕ್ಷರಗಳಿಂದ ಬರೆದರು. ಗಣಕಯಂತ್ರವು ಅಂಕಿಗಳನ್ನಷ್ಟೇ ಬಲ್ಲುದೆಂದು ನಂಬಿದ್ದ ನನಗೆ, ಅದು ಅವ್ಯಕ್ತವನ್ನೂ ಬಲ್ಲುದೆಂದು ತೋರಿಸಿಕೊಟ್ಟವರು ಗಣಿತದ ಉಪಾಧ್ಯಾಯ ಮಿತ್ರರೊಬ್ಬರು.

೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೩೩ ಗೇಟುಗಳಲ್ಲಿ ೧೯ನೆಯದು ಕೊಚ್ಚಿಹೋದುದನ್ನು ಕರೂರು, ಸಿರುಗುಪ್ಪ ಸೀಮೆಯ ರೈತರು ಮರೆಯಲಾರರು. ಎಷ್ಟು ದಿನಕ್ಕೆ ಎಷ್ಟು ನೀರು ಇಳಿದೀತು, ಭತ್ತಕ್ಕೆ ಉಳಿದೀತೇ ಎಂಬುದೇ ಎಲ್ಲರ ಚಿಂತೆ. ಮಟ್ಟ ಇಳಿದಂತೆ ನೀರು ಹೊರಬೀಳುವ ವೇಗವೂ ಇಳಿಯುತ್ತದೆ. ಹೀಗೆ ಒಂದು ರಾಶಿಯು ಬದಲಾಗುವ ವೇಗವು ಆ ರಾಶಿಯನ್ನೇ ಅವಲಂಬಿಸಿರುವುದನ್ನು ಹೇಳುವುದು ಅವಕಲ ಸಮೀಕರಣ. ಜಲಾಶಯದ ದಡ ಅಂಕುಡೊಂಕು, ಹೂಳು ಬೇರೆ, ಒಳಹರಿವು ದಿನಕ್ಕೊಂದು ಬಗೆ. ಇಂಥಲ್ಲಿ ಒಂದೇ ಸೂತ್ರದಿಂದ ಉತ್ತರ ದೊರೆಯದು, ಹೆಜ್ಜೆಹೆಜ್ಜೆಯಾಗಿ ಎಣಿಸಬೇಕು.

ಸಣ್ಣದೊಂದು ತೊಟ್ಟಿಯನ್ನು ತೆಗೆದುಕೊಳ್ಳೋಣ. ತಳದ ತೂಬಿನಿಂದ ನೀರು ಚಿಮ್ಮುವ ವೇಗ ಆಳದ ವರ್ಗಮೂಲವನ್ನು ಅನುಸರಿಸುತ್ತದೆಂಬುದು ಟೊರಿಚೆಲ್ಲಿಯ ನಿಯಮ. ಆಳ ೧೬ ಅಡಿ; ಗಂಟೆಗೆ ಇಳಿಯುವ ಅಡಿಗಳು ಆಳದ ವರ್ಗಮೂಲದಷ್ಟೇ ಎಂದಿರಲಿ. ಎರಡು ಗಂಟೆಯ ಬಳಿಕ ನಿಜವಾಗಿ ಉಳಿಯುವುದು ೯ ಅಡಿ. ಆರಂಭದ ವೇಗ ೪. ಅದನ್ನೇ ಎರಡು ಗಂಟೆ ಹಿಡಿದರೆ ಉಳಿಯುವುದು ೮. ಇದು ಆಯ್ಲರನ ವಿಧಾನ. ತಪ್ಪು ಪೂರ್ತಿ ಒಂದು ಅಡಿ. ಮೊದಲು ಒಂದು ಗಂಟೆ ಮಾತ್ರ ನಡೆದು, ಅಲ್ಲಿ ಸಿಗುವ ೧೨ ಅಡಿಗೆ ತಕ್ಕ ವೇಗ ೩.೪೬೪ನ್ನು ಇಡೀ ಎರಡು ಗಂಟೆಗೆ ಹಿಡಿದರೆ ೯.೦೭ ಬರುತ್ತದೆ.

ನಡುವಿನ ವೇಗವನ್ನೇ ಏಕೆ ಹಿಡಿಯಬೇಕು? ಅವ್ಯಕ್ತ ಗಣಿತ ಬೇಕಾಗುವುದು ಇಲ್ಲಿಯೇ. ಮೊದಲ ವೇಗದ ಭಾರ ಯಾ, ಎರಡನೆಯದರ ಭಾರ ಕಾ, ಎರಡನೆಯ ವೇಗವನ್ನು ಅಳೆಯುವುದು ಹೆಜ್ಜೆಯ ನೀ ಭಾಗದಲ್ಲಿ ಎಂದಿಟ್ಟುಕೊಂಡು, ನಿಜವಾದ ಉತ್ತರವನ್ನೂ ನಮ್ಮ ಎಣಿಕೆಯನ್ನೂ ಟೇಲರ್ ಶ್ರೇಢಿಯಾಗಿ ಹರಡಿ ಪದಕ್ಕೆ ಪದವನ್ನು ಸರಿಹೊಂದಿಸಿದರೆ ಎರಡು ನಿಯಮಗಳು ಹುಟ್ಟುತ್ತವೆ:

ಯಾ + ಕಾ = ೧
ಕಾ × ನೀ = ೧/೨

ಯಾ ಸೊನ್ನೆ, ಕಾ ಒಂದು, ನೀ ಅರ್ಧವಾದರೆ ಮೇಲಿನ ವಿಧಾನ. ನೀ ಒಂದಾದರೆ ಎರಡು ವೇಗಗಳ ಸರಾಸರಿ.

ಎರಡನೆಯ ಶ್ರೇಣಿಗೆ ನಿಯಮಗಳು ಎರಡೇ. ನಾಲ್ಕನೆಯದಕ್ಕೆ ೮, ಐದನೆಯದಕ್ಕೆ ೧೭, ಆರನೆಯದಕ್ಕೆ ೩೭, ಎಂಟನೆಯದಕ್ಕೆ ೨೦೦! ನ್ಯೂಜಿಲೆಂಡಿನ ಬುಚರ್ ೧೯೬೩ರಲ್ಲಿ ಪ್ರತಿಯೊಂದು ನಿಯಮಕ್ಕೂ ಕೊಂಬೆಗಳೊಡೆದ ಒಂದೊಂದು ಮರದ ಆಕೃತಿಯನ್ನು ಹೊಂದಿಸಿದನು. ಒಂದು ಗಂಟಿನ ಮರ ೧, ಎರಡರದು ೧, ಮೂರರವು ೨, ನಾಲ್ಕರವು ೪, ಐದರವು ೯. ಎಲ್ಲ ಕೂಡಿದರೆ ಆ ಹದಿನೇಳು. ಛಂದಸ್ಸಿನಲ್ಲಿ ಗುರುಲಘುಗಳ ಪ್ರಸ್ತಾರ ಹಾಕಿ ಅಭ್ಯಾಸವಿದ್ದವರಿಗೆ ಇದು ಅಪರಿಚಿತವೆನಿಸದು.

ಕೈಯಿಂದ ಇಷ್ಟನ್ನು ಬಿಡಿಸುವುದು ಅಪಾಯದ ಕೆಲಸ. ಜರ್ಮನಿಯ ಕುಟ್ಟಾ ೧೯೦೧ರಲ್ಲಿ ಕೊಟ್ಟ ಐದನೆಯ ಶ್ರೇಣಿಯ ವಿಧಾನದಲ್ಲಿ ಸಹಗುಣಕಗಳು ತಪ್ಪಿದ್ದವು. ನ್ಯೂಸ್ಟ್ರೋಮ್ ತಿದ್ದಿದ್ದು ೧೯೨೫ರಲ್ಲಿ. ಪದ್ಯದಲ್ಲಿ ಒಂದು ಮಾತ್ರೆ ತಪ್ಪಿದರೆ ಕಿವಿಗೆ ಕೂಡಲೇ ತಿಳಿಯುತ್ತದೆ. ಸಹಗುಣಕ ತಪ್ಪಿದರೆ ತಿಳಿಯುವುದಿಲ್ಲ. ಉತ್ತರಗಳು ಬರುತ್ತಲೇ ಇರುತ್ತವೆ, ಸುಮಾರಾಗಿ ಸರಿಯೆಂಬಂತೆಯೂ ಕಾಣುತ್ತವೆ.

ಈ ಕೆಲಸಕ್ಕಾಗಿ ಮಿತ್ರರು ಬಳಸಿದ್ದು ಮ್ಯಾಕ್ಸಿಮಾ ಎಂಬ ಉಚಿತ ತಂತ್ರಾಂಶ. ಅಮೆರಿಕದಲ್ಲಿ ೧೯೬೮ರಲ್ಲಿ ಆರಂಭವಾದ ಮ್ಯಾಕ್ಸಿಮಾದ ಪೂರ್ವಜಕ್ಕೆ Macsyma ಎಂದು ಹೆಸರಿತ್ತು. ಅದು ಶ್ರೇಢಿಯನ್ನು ತಾನೇ ಹರಡಿ, ಸಜಾತೀಯ ಪದಗಳನ್ನು ಒಟ್ಟುಗೂಡಿಸಿ ನಿಯಮಗಳನ್ನು ಬರೆಯುತ್ತದೆ. ಮೂರನೆಯ ಒಂದಂಶವನ್ನು ೦.೩೩೩ ಎಂದು ಮೊಟಕುಗೊಳಿಸದೆ ಭಿನ್ನರಾಶಿಯಾಗಿಯೇ ಕಾಪಾಡುತ್ತದೆ. ನನಗೆ ಹಿಡಿಸಿದ ಗುಣ ಅದು. ನಾಲ್ಕು ವೇಗಗಳ ವಿಧಾನದಲ್ಲಿ ಅಜ್ಞಾತಗಳು ಹತ್ತು, ನಿಯಮಗಳು ಎಂಟು. ಆದುದರಿಂದ ಯಂತ್ರ ಕೊಟ್ಟ ಉತ್ತರದಲ್ಲಿ ಎರಡು ಅಕ್ಷರಗಳು ಬೆಲೆಯಿಲ್ಲದೆಯೇ ಉಳಿದವು. ಅವುಗಳ ಆಯ್ಕೆ ನಮ್ಮದು. ಕುಟ್ಟಾ ಮಧ್ಯದ ಎರಡು ವೇಗಗಳನ್ನೂ ಹೆಜ್ಜೆಯ ನಡುವಿನಲ್ಲಿಟ್ಟು, ಭಾರಗಳನ್ನು ೧/೬, ೧/೩, ೧/೩, ೧/೬ ಎಂದು ಆರಿಸಿದ್ದನು. ಆ ಭಾರಗಳಿಂದ ನಮ್ಮ ತೊಟ್ಟಿಯನ್ನು ಎರಡು ಗಂಟೆಯ ಒಂದೇ ಹೆಜ್ಜೆಯಲ್ಲಿ ಕಾಗದದ ಮೇಲೆ ಎಣಿಸಿ ನೋಡಿದೆನು: ೯.೦೦೧ ಅಡಿ ಬಂದಿತು.