ಪುಟ್ಟ ಕೊರಳಿಗೆ ಶಾಕ್ ಕಾಲರ್ ಬೇಡ

ನಾಯಿ ಬೊಗಳುವುದನ್ನು ನಿಲ್ಲಿಸಲು ದಯವಿಟ್ಟು ರಿಮೋಟ್ ಶಾಕ್ ಕಾಲರ್ ಹಾಕಬೇಡಿ. ಅದರ ಲೋಹದ ಮೊನೆಗಳು ಚರ್ಮಕ್ಕೆ ತಾಗಬೇಕಾದರೆ ಪಟ್ಟಿಯನ್ನು ಬಿಗಿಯಾಗಿಯೇ ಕಟ್ಟಬೇಕು. ನಿಮ್ಮ ಪಾಮೇರಿಯನ್‌ನಂಥ ಪುಟ್ಟ ತಳಿಗಳಲ್ಲಿ ಶ್ವಾಸನಾಳ ಕುಸಿಯುವ ತೊಂದರೆ ಮೊದಲೇ ಹೆಚ್ಚು. ಕೊರಳ ಮೇಲಿನ ಒತ್ತಡ ಅದನ್ನು ಉಲ್ಬಣಿಸುತ್ತದೆ. ಬಾತುಕೋಳಿ ಕೂಗಿದಂಥ ಒಣಕೆಮ್ಮು ಬಂದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ.

ನನಗೆ ಇನ್ನೂ ಹೆಚ್ಚು ಆತಂಕ ನಾಯಿಯ ಮನಸ್ಸಿನದು. ಕಾಲಿಂಗ್ ಬೆಲ್ ಕೇಳಿ ಬೊಗಳುವುದು ಬಹಳ ಸಲ ಭಯದಿಂದ. ಆ ಹೊತ್ತಿನಲ್ಲೇ ಶಾಕ್ ತಗುಲಿದರೆ, ನೋವಿಗೆ ಬಾಗಿಲಲ್ಲಿ ನಿಂತವರೇ ಕಾರಣವೆಂದು ನಾಯಿ ತಿಳಿಯಬಹುದು; ಬರೀ ಬೊಗಳುತ್ತಿದ್ದದ್ದು ಕಚ್ಚಲೂ ಮುಂದಾದೀತು. ವೇಲ್ಸ್ 2010ರಲ್ಲೇ ಇಂಥ ಕಾಲರ್‌ಗಳ ಬಳಕೆಯನ್ನು ನಿಷೇಧಿಸಿದೆ.

ಕಾಲರ್ ಬದಲು ಹೀಗೆ ಮಾಡಿ: ಬೆಲ್ಲಿನ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ತೀರಾ ಮೆಲ್ಲಗೆ ಕೇಳಿಸಿ, ಕೂಡಲೇ ಬೇಯಿಸಿದ ಕೋಳಿಯ ಸಣ್ಣ ಚೂರು ಕೊಡಿ. ದಿನಕ್ಕೆ ಐದು ನಿಮಿಷ ಸಾಕು. ನಾಯಿ ಶಾಂತವಾಗಿದ್ದರೆ ಮಾತ್ರ ಸದ್ದು ಸ್ವಲ್ಪ ಏರಿಸಿ. ಕೊರಳಿಗೆ ಒತ್ತಡ ಬೀಳದಂತೆ ವಾಕಿಂಗ್‌ಗೆ ಎದೆಗೆ ಹಾಕುವ ಹಾರ್ನೆಸ್ ಕೊಳ್ಳಿ.