ಆಜ್ಞಾಪಂಕ್ತಿಯೋ, ಚಿತ್ರಮಯ ಪರದೆಯೋ?

ಗಣಕಯಂತ್ರದಿಂದ ಕೆಲಸ ಪಡೆಯಲು ಎರಡು ಮಾರ್ಗಗಳುಂಟು. ಆಜ್ಞೆಯನ್ನು ಅಕ್ಷರಗಳಲ್ಲಿ ಬರೆದು ಕೊಡುವುದು ಒಂದು. ಪರದೆಯ ಮೇಲಿನ ಚಿತ್ರ, ಗುಂಡಿ, ಪಟ್ಟಿಗಳನ್ನು ಮೌಸಿನಿಂದ ಒತ್ತುವುದು ಇನ್ನೊಂದು. ಮೊದಲನೆಯದು ಹಳತು, ಆದುದರಿಂದ ಅದನ್ನು ಕಲಿಯಬೇಕಾಗಿಲ್ಲವೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ತಂತ್ರಾಂಶ ರಚಿಸುವವರು ಮಾತ್ರ ಅದನ್ನು ಇಂದಿಗೂ ಬಿಟ್ಟಿಲ್ಲ.

1969ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದರು. ಆಗ ಬಳಕೆಯಲ್ಲಿದ್ದ ಟೆಲಿಟೈಪ್ ಯಂತ್ರವು ಸೆಕೆಂಡಿಗೆ ಸುಮಾರು 10 ಅಕ್ಷರಗಳನ್ನಷ್ಟೇ ಕಾಗದದ ಮೇಲೆ ಮುದ್ರಿಸುತ್ತಿತ್ತು. ‘ಎಲ್‌ಎಸ್’, ‘ಸಿಪಿ’, ‘ಎಂವಿ’ ಎಂದು ಆಜ್ಞೆಗಳು ಎರಡೇ ಅಕ್ಷರಗಳಿಗೆ ಮೊಟಕಾದುದರಲ್ಲಿ ಈ ನಿಧಾನಗತಿಯ ಪಾಲೂ ಇದೆ. 1973ರಲ್ಲಿ ಡಗ್ಲಸ್ ಮ್ಯಾಕಿಲ್ರಾಯ್ ಅವರ ಸಲಹೆಯಂತೆ ‘ಪೈಪ್’ ಎಂಬ ಏರ್ಪಾಡು ಇದಕ್ಕೆ ಸೇರಿತು. ಆಲೆಮನೆಯಲ್ಲಿ ಗಾಣದಿಂದ ಇಳಿದ ರಸವು ಕೊಪ್ಪರಿಗೆಗೆ ಹರಿಯುವಂತೆ, ಒಂದು ಆಜ್ಞೆಯ ಫಲಿತವು ನೇರವಾಗಿ ಮತ್ತೊಂದಕ್ಕೆ ಹರಿಯತೊಡಗಿತು. ಆಜ್ಞಾಪಂಕ್ತಿಯ ನಿಜವಾದ ಬಲವಿರುವುದು ಇಲ್ಲಿಯೇ.

ಅದೇ 1973ರಲ್ಲಿ ಜೆರಾಕ್ಸ್ ಸಂಸ್ಥೆಯ ಆಲ್ಟೊ ಯಂತ್ರದಲ್ಲಿ ಮೌಸು ಹಾಗೂ ಚಿತ್ರಮಯ ಪರದೆ ಒಂದುಗೂಡಿದವು. 1984ರ ಮೆಕಿಂಟಾಷ್ ಅವನ್ನು ಜನಸಾಮಾನ್ಯರಿಗೆ ಪರಿಚಯಿಸಿತು. ಏನೇನು ಮಾಡಬಹುದೆಂಬುದು ಇಲ್ಲಿ ಕಣ್ಣಿಗೇ ಕಾಣುವುದರಿಂದ ಕಂಠಪಾಠದ ಹೊರೆಯಿಲ್ಲ. ಕಾರ್ಯಕ್ರಮವನ್ನು ಸಾಲುಸಾಲಾಗಿ ನಿಲ್ಲಿಸಿ ದೋಷ ಹುಡುಕುವಾಗ, ಎರಡು ಪ್ರತಿಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸುವಾಗ ಇದರ ಉಪಕಾರ ದೊಡ್ಡದು.

ಆದರೆ 400 ಕಡತಗಳಲ್ಲಿ ಒಂದು ಹೆಸರನ್ನು ಬದಲಿಸಬೇಕೆಂದು ಇಟ್ಟುಕೊಳ್ಳೋಣ. ತಕ್ಕ ಆಜ್ಞೆಯೊಂದು ಅದನ್ನು ಕ್ಷಣದಲ್ಲಿ ಮುಗಿಸುತ್ತದೆ. ಅಷ್ಟೇ ಅಲ್ಲ, ಆ ಸಾಲನ್ನು ಬರೆದಿಡಬಹುದು, ಸಹೋದ್ಯೋಗಿಗೆ ಕಳುಹಿಸಬಹುದು, ಪ್ರತಿರಾತ್ರಿ ತಾನಾಗಿಯೇ ನಡೆಯುವಂತೆ ಗೊತ್ತುಪಡಿಸಬಹುದು. ಮೌಸಿನಿಂದ ಎಲ್ಲೆಲ್ಲಿ ಒತ್ತಲಾಯಿತೆಂಬುದಕ್ಕೆ ಸಾಮಾನ್ಯವಾಗಿ ಇಂತಹ ದಾಖಲೆ ಉಳಿಯುವುದಿಲ್ಲ. ದೂರದ ಸರ್ವರುಗಳನ್ನು ನಿರ್ವಹಿಸುವವರಿಗೂ ಬಹುಮಟ್ಟಿಗೆ ಅಕ್ಷರಗಳ ಕಿಂಡಿಯೇ ಗತಿ. 2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ರಚಿಸಿದ ‘ಗಿಟ್’ ಮೊದಲಿನಿಂದಲೂ ಆಜ್ಞೆಗಳ ಮೂಲಕ ನಡೆಯುವಂಥದು; ಅದರ ಕವಲುಗಳ ಚರಿತ್ರೆಯನ್ನು ನೋಡಲು ಮಾತ್ರ ಚಿತ್ರವೇ ಲೇಸು. ಆಜ್ಞೆಯಲ್ಲಿ ಅಪಾಯವೂ ಇಲ್ಲದಿಲ್ಲ. ‘ಆರ್‌ಎಂ’ ಎಂದು ಅಳಿಸಿದ ಕಡತವು ಕಸದ ಬುಟ್ಟಿಯಲ್ಲಿ ಕಾದಿರುವುದಿಲ್ಲ.

ಕನ್ನಡದ ತಂತ್ರಾಂಶಕ್ಕೆ ಕೈಹಾಕುವವರು ಇನ್ನೊಂದು ತೊಡಕನ್ನು ಅರಿಯತಕ್ಕದ್ದು. ಆಜ್ಞಾಪಂಕ್ತಿಯ ಪರದೆಯು ಸಮಾನ ಅಗಲದ ಮನೆಗಳಾಗಿ ವಿಭಾಗಗೊಂಡಿರುತ್ತದೆ. ಮನೆಗೊಂದು ಅಕ್ಷರವೆಂಬ ಲೆಕ್ಕ ಇಂಗ್ಲಿಷಿಗೆ ಒಪ್ಪುತ್ತದೆ. ನಮ್ಮ ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ. ಯುನಿಕೋಡಿನಲ್ಲಿ ಅದು 6 ಸಂಕೇತಗಳ ಸರಣಿ. ಹೀಗಾಗಿ ಎಷ್ಟೋ ಕಡೆ ಒತ್ತಕ್ಷರಗಳು ಪಕ್ಕಕ್ಕೆ ಸರಿದು ವಿಕಾರವಾಗಿ ಕಾಣುತ್ತವೆ. ಕಡತದೊಳಗಿನ ಸಂಕೇತಗಳು ಆಗಲೂ ಸರಿಯಾಗಿಯೇ ಇರಬಹುದು. ಆದುದರಿಂದ ಕೆಟ್ಟಿತೆಂದು ಅಳಿಸಿ ಮತ್ತೆ ಬೆರಳಚ್ಚಿಸುವ ಮೊದಲು ಅದೇ ಕಡತವನ್ನು ಚಿತ್ರಮಯ ಪರದೆಯ ಸಂಪಾದಕದಲ್ಲಿ ತೆರೆದು ನೋಡಬೇಕು.