ಡಿಎಲ್ ಇರೋರ ಹೆಸರು ಕೊಡಿ ಅಂದರು

ಸ್ಕೂಟರ್ ನನ್ನ ಹೆಸರಿನಲ್ಲಿದೆ. ಓಡಿಸಿದವನು ಅಕ್ಕನ ಮಗ, ಆಗಿನ್ನೂ ಹದಿನಾರು ವರ್ಷ. ಕೀ ತೆಗೆದುಕೊಟ್ಟವರು ಬಾವ. ಈ ಮೂರು ಮಾತನ್ನು ಠಾಣೆಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದ್ದಕ್ಕೆ ಅಕ್ಕನ ಮನೆಯ ಬಾಗಿಲು ನನಗೆ ಮುಚ್ಚಿದೆ. ನಾನು ಮಾಡಿದ್ದು ಸರಿ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾಳೆ ಠಾಣೆಯ ಬೆಂಚಿನ ಮೇಲೆ ಕೂರಬೇಕಾಗಿ ಬರುವ ಇನ್ನೊಬ್ಬರಿಗೆ ಗೊತ್ತಿರಲಿ ಎಂದೂ ಬರೆಯುತ್ತಿದ್ದೇನೆ.

ಅಕ್ಕನ ಊರು ಹಿರೀಸಾವೆ ಕಡೆ, ಬೆಂಗಳೂರು–ಹಾಸನ ಹೆದ್ದಾರಿಯ ಮಗ್ಗುಲಲ್ಲೇ. ರಸ್ತೆ ನಾಲ್ಕು ಪಥ ಆದಮೇಲೆ ಆ ಸಾಲಿನ ಊರುಗಳವರಿಗೆ ಒಂದು ಚಾಳಿ ಅಂಟಿದೆ. ಡಿವೈಡರ್ ಬಿಟ್ಟಿರುವ ಜಾಗದವರೆಗೆ ಹೋಗಿ ತಿರುಗಿಸಿಕೊಂಡು ಬರಬೇಕು. ಬಹಳ ಮಂದಿ ಹೋಗುವುದಿಲ್ಲ. ರಸ್ತೆಯ ಅಂಚು ಹಿಡಿದು ವಾಹನಗಳಿಗೆ ಎದುರಾಗಿಯೇ ಬರುತ್ತಾರೆ. ಬೈಕಿನವರು, ಟ್ರ್ಯಾಕ್ಟರಿನವರು, ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡವರು, ಮಕ್ಕಳನ್ನು ಶಾಲೆಗೆ ಬಿಡುವವರು, ಎಲ್ಲರೂ. ಕೇಳಿದರೆ "ಇಲ್ಲೇ ಕ್ರಾಸ್ ಗಂಟ ತಾನೆ" ಅನ್ನುತ್ತಾರೆ. ಬೆಂಗಳೂರಿನಿಂದ ನೂರರ ವೇಗದಲ್ಲಿ ಬರುವ ಕಾರಿನವನಿಗೆ ಅಲ್ಲೊಂದು ಕ್ರಾಸ್ ಇದೆ ಎಂಬುದೇ ಗೊತ್ತಿರುವುದಿಲ್ಲ.

ಅವತ್ತು ಊರಹಬ್ಬ. ಬೆಳಿಗ್ಗೆಯೇ ಹುಡುಗ ಸ್ಕೂಟರ್ ಕೇಳಿದ್ದ. ಆಗಲ್ಲ ಕಣಪ್ಪ ಅಂದಿದ್ದೆ. "ಗೇರ್ ಇಲ್ಲದ ಗಾಡಿಗೆ ಹದಿನಾರಕ್ಕೇ ಡಿಎಲ್ ಕೊಡ್ತಾರೆ ಕಣಮ್ಮ" ಎಂದು ಬಾವ ಜಗಲಿಯಿಂದಲೇ ವಾದಕ್ಕೆ ಬಂದರು. ಈ ಮಾತನ್ನು ಎಷ್ಟೋ ತಂದೆ ತಾಯಿ ನಂಬಿಕೊಂಡಿದ್ದಾರೆ. ಹದಿನಾರಕ್ಕೆ ಕೊಡುವುದು 50 ಸಿಸಿ ಮೀರದ ಗಾಡಿಗೆ ಮಾತ್ರ. ನನ್ನದು 110. ಬಾವನ ಹುಡುಗನ ಕೈಲಿ ಎಲ್ಎಲ್ (ಕಲಿಕಾ ಪರವಾನಗಿ) ಕೂಡ ಇರಲಿಲ್ಲ. ಅಕ್ಕನ ಅತ್ತೆಯ ಎದುರಿಗೇ ಇಷ್ಟನ್ನೂ ಹೇಳಿ, ಕೀಯನ್ನು ಬ್ಯಾಗಿಗೆ ಹಾಕಿ, ಬ್ಯಾಗನ್ನು ಒಳಗಿನ ಕೋಣೆಯಲ್ಲಿಟ್ಟೆ. ಸಂಜೆ ನೆಂಟರಿಗೆ ಸೋಡಾ ಸಾಲದೆ ಬಂತು. ನಾನು ಹಿತ್ತಲಲ್ಲಿ ಮುದ್ದೆ ಕಟ್ಟುತ್ತಿದ್ದಾಗ ಬಾವ ನನ್ನ ಬ್ಯಾಗಿಗೆ ಕೈ ಹಾಕಿದರು.

"ಟೀಚರ್, ಆ ಬಿಳೀ ಗಾಡಿ ನಿಮ್ದಲ್ವಾ?" ಎಂದು ಯಾರೋ ಕೂಗಿದ್ದು ಕೇಳಿ ಕೈಗೆ ರಾಗಿ ಹಿಟ್ಟು ಅಂಟಿಕೊಂಡಿದ್ದ ಹಾಗೇ ಓಡಿದೆ. ಹೆದ್ದಾರಿ ಹತ್ತುವಷ್ಟರಲ್ಲಿ ಕತ್ತಲು ಕವಿಯುತ್ತಿತ್ತು. ಹುಡುಗ ಮೋರಿಯ ಕಟ್ಟೆ ಹಿಡಿದು ನಡುಗುತ್ತ ನಿಂತಿದ್ದ, ಮಂಡಿ ತರಚಿತ್ತು, ಅಷ್ಟೇ. ಪಕ್ಕದೂರಿನ ಯಜಮಾನರೊಬ್ಬರು ರಸ್ತೆಯ ಮೇಲೆ ಬಿದ್ದಿದ್ದರು. ಡೇರಿಗೆ ಹಾಲು ಹಾಕಿ ಟಿವಿಎಸ್‌ನಲ್ಲಿ ವಾಪಸ್ ಹೋಗುತ್ತಿದ್ದವರು. ತಮ್ಮ ಎಡಕ್ಕೆ, ತಮ್ಮ ಪಾಡಿಗೆ ಹೋಗುತ್ತಿದ್ದವರು. ನನ್ನ ಸ್ಕೂಟರ್ ಎದುರಿನಿಂದ, ಗಾಡಿ ಬರಬಾರದ ಕಡೆಯಿಂದ ಬಂದು ಗುದ್ದಿತ್ತು. ಎಡಗಾಲು ಮಂಡಿಯ ಕೆಳಗೆ ಮಡಚಬಾರದ ಕಡೆ ಮಡಚಿತ್ತು. ಕಿವಿಯಿಂದ ರಕ್ತ ಬರುತ್ತಿತ್ತು. ಹೆಲ್ಮೆಟ್ ಇತ್ತು, ಆದರೆ ದಂಡದಿಂದ ತಪ್ಪಿಸಿಕೊಳ್ಳಲು ಮಾರುತ್ತಾರಲ್ಲ ಆ ಟೋಪಿಯಂಥದ್ದು. ಅದು ಹಾರಿ ಚರಂಡಿಗೆ ಬಿದ್ದಿತ್ತು.

ಸುತ್ತ ಜನ ನೆರೆದಿದ್ದರು. ಕೆಲವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. "ಮುಟ್ಬೇಡಿ, ಆಮೇಲೆ ಕೋರ್ಟು ಅಲೀಬೇಕು" ಎಂದು ಹಿಂದಿನಿಂದ ಒಬ್ಬರು ಎಚ್ಚರಿಸುತ್ತಿದ್ದರು. ಲಾರಿಗಳು ಹಾರನ್ ಒತ್ತಿಕೊಂಡು ನಮ್ಮ ಪಕ್ಕದಲ್ಲೇ ಹಾದುಹೋಗುತ್ತಿದ್ದವು. ಅವುಗಳ ಗಾಳಿಗೆ ನನ್ನ ಸೆರಗು ಎದ್ದು ಯಜಮಾನರ ಮುಖದ ಮೇಲೆ ಬೀಳುತ್ತಿತ್ತು. ಇಬ್ಬರು ಹುಡುಗರನ್ನು ಗದರಿಸಿ, ಬರುವ ವಾಹನಗಳ ಕಡೆಗೆ ದೂರ ಹೋಗಿ ಮೊಬೈಲ್ ದೀಪ ಬೀಸಿ ಅಂದೆ. ಇನ್ನೊಬ್ಬನ ಕೈಲಿ 108ಕ್ಕೆ ಫೋನ್ ಮಾಡಿಸಿದೆ. ಗೂಡ್ಸ್ ಆಟೋದಲ್ಲಿ ಎತ್ತಿ ಹಾಕಿಬಿಡೋಣ ಎಂದು ಕಾಲಿಗೆ ಕೈ ಹಾಕಿದವರನ್ನು ತಡೆದೆ. ಕತ್ತಿಗೆ ಪೆಟ್ಟಾಗಿದ್ದರೆ ಹಾಗೆ ಎತ್ತಬಾರದು ಎಂದು ಶಾಲೆಯಲ್ಲಿ ಕೊಟ್ಟ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಕಲಿತಿದ್ದೆ. ಅವರ ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ಕೂತೆ. ಅವರಿಗೆ ಎಚ್ಚರವಿತ್ತು. "ಹಸ ಕಟ್ಟಿಲ್ಲ ಕಣವ್ವ, ಹಸ ಕಟ್ಟಿಲ್ಲ" ಎಂದು ಒಂದೇ ಸಮ ಹೇಳುತ್ತಿದ್ದರು. ಕಟ್ಟಿಸ್ತೀನಿ ಯಜಮಾನ್ರೆ, ಕತ್ತು ಅಲುಗಿಸಬೇಡಿ ಅನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವರ ಮಾತು ತೊದಲತೊಡಗಿತು. ಆಂಬುಲೆನ್ಸ್ ಬರುವವರೆಗಿನ ಆ ಹೊತ್ತನ್ನು ನೆನೆದರೆ ಈಗಲೂ ನನಗೆ ಅನ್ನ ಸೇರುವುದಿಲ್ಲ.

ಅಷ್ಟರಲ್ಲಿ ಬಾವ ಬಂದರು. ಬಿದ್ದವರ ಮುಖ ನೋಡಲಿಲ್ಲ. ಮಗನನ್ನು ಯಾರದೋ ಬೈಕಿನ ಹಿಂದೆ ಕೂರಿಸಿ ಕಳಿಸಿದರು, ಆಮೇಲೆ ಸ್ಕೂಟರ್ ಎತ್ತಲು ಬಗ್ಗಿದರು. "ಗಾಡಿ ಮುಟ್ಟಬೇಡಿ ಬಾವ" ಎಂದು ಕಿರುಚಿದೆ. ಅವರ ಎದುರು ನಾನು ದನಿ ಎತ್ತಿದ್ದು ಅದೇ ಮೊದಲು.

ಗಾಯಾಳುವಿಗೆ ನೆರವಾದವರನ್ನು ಪೊಲೀಸರು ಗೋಳಾಡಿಸುವ ಹಾಗಿಲ್ಲ ಎಂಬುದು ಆ ಗುಂಪಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಹೀಗೆಂದು ಹೇಳುವ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರಲ್ಲೇ ಒಪ್ಪಿಗೆ ಕೊಟ್ಟಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಆಗಿ ಸೇರಿದೆ. ನೆರವಾದವರು ಹೆಸರು, ವಿಳಾಸ ಕೊಡಲೇಬೇಕೆಂದಿಲ್ಲ. ಪ್ರತಿ ಪಂಚಾಯಿತಿಯ ಗೋಡೆಯ ಮೇಲೂ ಇದನ್ನು ಬರೆಸಬೇಕು.

ರಾತ್ರಿ ಠಾಣೆಯಲ್ಲಿ ನಡೆದದ್ದು ನನಗೆ ಅಪಘಾತಕ್ಕಿಂತ ದೊಡ್ಡ ಪೆಟ್ಟು. ಬರೆದುಕೊಳ್ಳುತ್ತಿದ್ದ ಅಧಿಕಾರಿ ಪೆನ್ನು ಕೆಳಗಿಟ್ಟು, "ಡಿಎಲ್ ಇರೋರ ಹೆಸರು ಕೊಡಿ ಟೀಚರ್, ಕೇಸು ಹಗುರಾಗುತ್ತೆ, ಇನ್ಶೂರೆನ್ಸೂ ಸಲೀಸು" ಅಂದರು. ಬಾವ ತಕ್ಷಣ ನನ್ನ ಕಡೆ ತಿರುಗಿದರು. "ನೀನೇ ಓಡಿಸ್ತಿದ್ದೆ ಅಂದ್ಬಿಡಮ್ಮ. ನಿನಗೆ ಡಿಎಲ್ ಇದೆ. ಹುಡುಗನ ಭವಿಷ್ಯ." ಆಗ ಆಸ್ಪತ್ರೆಯಲ್ಲಿ ಆ ಯಜಮಾನರ ತಲೆ ಸ್ಕ್ಯಾನ್ ನಡೆಯುತ್ತಿತ್ತು. ಅವರ ಭವಿಷ್ಯದ ಬಗ್ಗೆ ಆ ಕೋಣೆಯಲ್ಲಿ ಒಬ್ಬರೂ ಕೇಳಲಿಲ್ಲ.

ಆಗಲ್ಲ ಅಂದೆ. ಹುಡುಗ ಗಾಡಿಯಿಂದ ಎದ್ದದ್ದನ್ನು ಕಂಡವರು ರಸ್ತೆಯಲ್ಲೇ ಇದ್ದರು. ಸುಳ್ಳು ಹೇಳಿಕೆ ಕೊಟ್ಟು, ನಾಳೆ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿಯಲ್ಲಿ ಅದು ಬಯಲಾದರೆ ಮೊದಲು ಏಟು ಬೀಳುವುದು ಗಾಯಗೊಂಡವರ ಪರಿಹಾರಕ್ಕೆ. ಚಾಲಕ ಯಾರೆಂಬುದೇ ಅನುಮಾನ ಎಂದು ವಿಮಾ ಕಂಪನಿಯ ವಕೀಲರು ವರ್ಷಗಟ್ಟಲೆ ಎಳೆಯಬಹುದು. ನಿಜ ಹೇಳಿದರೆ ಹಾಗಿಲ್ಲ. ಡಿಎಲ್ ಇಲ್ಲದವನು ಓಡಿಸಿದ್ದರೂ ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳುವ ದಾರಿ ಇದೆ. ಮಾಲೀಕರು ಸಾಕಷ್ಟು ಎಚ್ಚರ ವಹಿಸಲಿಲ್ಲ ಎಂದು ತೋರಿಸಿಕೊಡುವ ಹೊಣೆ ಕಂಪನಿಯದು ಎಂದು ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಅಪ್ರಾಪ್ತರು ಓಡಿಸಿ ಅಪರಾಧವಾದರೆ 199ಎ ಕಲಮಿನ ಪ್ರಕಾರ ಪೋಷಕರು ಇಲ್ಲವೇ ಮಾಲೀಕರು ಹೊಣೆ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ಗಾಡಿಯ ನೋಂದಣಿ ರದ್ದು. ತನಗೆ ತಿಳಿಯದೆ ನಡೆಯಿತು ಇಲ್ಲವೇ ತಡೆಯಲು ಆದದ್ದೆಲ್ಲ ಮಾಡಿದ್ದೆ ಎಂದು ರುಜುವಾತು ಮಾಡಿದವರಿಗೆ ಮಾತ್ರ ಬಿಡುಗಡೆ. ರುಜುವಾತು ಎಲ್ಲಿಂದ ತರಲಿ? ಬಾವ ಬಾಯಿ ಬಿಡಲಿಲ್ಲ. ಅಕ್ಕ ಅಳುತ್ತ ಕೂತಳು. ತನಿಖೆಗೆ ಮನೆಗೆ ಬಂದ ಪೊಲೀಸರ ಮುಂದೆ ಸತ್ಯ ಹೇಳಿದವರು ಅಕ್ಕನ ಅತ್ತೆ. "ಈ ಹುಡ್ಗಿ ಬೆಳಗ್ಗೆನೇ ಬ್ಯಾಡ ಅಂದಿತ್ತು. ಬ್ಯಾಗಿಂದ ತಗ್ದುಕೊಟ್ಟೋನು ನನ್ ಮಗನೇ" ಅಂದರು. ಸ್ವಂತ ಮಗನ ವಿರುದ್ಧ ಆ ಮಾತು ಆಡಿದ ಆ ತಾಯಿಗೆ ನಾನು ಬದುಕಿರುವವರೆಗೂ ಋಣಿ. ಅವರ ಹೇಳಿಕೆಯಿಂದಲೇ ಆರೋಪಪಟ್ಟಿಯಲ್ಲಿ ನನ್ನ ಹೆಸರಿನ ಬದಲು ಬಾವನ ಹೆಸರು ಬಂತು.

ಆ ಯಜಮಾನರು ಉಳಿದುಕೊಂಡರು. ಕಾಲಿಗೆ ರಾಡು ಹಾಕಿದ್ದಾರೆ, ಕುಕ್ಕರಗಾಲಲ್ಲಿ ಕೂತು ಹಾಲು ಕರೆಯಲು ಆಗುವುದಿಲ್ಲ. ಹಸುಗಳನ್ನು ಮಾರಿದ್ದಾರೆ. ಪರಿಹಾರದ ಅರ್ಜಿ ಇನ್ನೂ ನಡೆಯುತ್ತಿದೆ. ನಾನು ಹೋಗಿ ಸಾಕ್ಷಿ ಹೇಳಿ ಬಂದಿದ್ದೇನೆ.

ನನ್ನ ಕಡೆಯಿಂದ ಹೇಳುವುದು ಇಷ್ಟೇ. ನೆಂಟರ ಮನೆಗೆ ಹೋದಾಗ ಕೀ ನಿಮ್ಮ ಮೈಮೇಲೇ ಇರಲಿ. ಮಕ್ಕಳಿಗೆ ಗಾಡಿ ಕೊಡುವುದಿಲ್ಲ ಎಂಬುದನ್ನು ನಾಲ್ಕು ಜನರ ಎದುರು ಹೇಳಿ. ಹೆಲ್ಮೆಟ್ ಮೇಲೆ ಐಎಸ್ಐ ಗುರುತು, ಐಎಸ್ 4151 ಎಂಬ ಸಂಖ್ಯೆ ಇದೆಯೇ ನೋಡಿ, ಪಟ್ಟಿ ಬಿಗಿಯಿರಿ. ಅಪಘಾತವಾದರೆ ಗಾಡಿ ಅಲುಗಿಸುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ. ಠಾಣೆಯಲ್ಲಿ ಯಾರೇ ಹೇಳಿಕೊಡಲಿ, ಓಡಿಸದವರ ಹೆಸರು ಬರೆಸಬೇಡಿ. ಬರೆದುಕೊಂಡದ್ದನ್ನು ಓದಿಸಿ ಕೇಳಿ.

ಹುಡುಗನಿಗೆ ಈಗ ಹದಿನೆಂಟು ಹತ್ತಿರವಾಗುತ್ತಿದೆ. ಅದೇ 199ಎ ಪ್ರಕಾರ ಅವನಿಗೆ 25 ತುಂಬುವವರೆಗೆ ಎಲ್ಎಲ್ ಆಗಲಿ ಡಿಎಲ್ ಆಗಲಿ ಕೊಡುವಂತಿಲ್ಲ. ಬೇರೆ ಜಿಲ್ಲೆಯ ವಿಳಾಸ ತೋರಿಸಿ ಮಾಡಿಸಿಕೊಡುವ ಏಜೆಂಟರನ್ನು ಬಾವ ಹುಡುಕುತ್ತಿದ್ದಾರೆ ಎಂದು ಕೇಳಿದ್ದೇನೆ. ಪ್ರಕರಣದ ನಂಬರ್ ಸಮೇತ ಸಾರಿಗೆ ಕಚೇರಿಗೆ ಅರ್ಜಿ ಬರೆದಿಟ್ಟುಕೊಂಡಿದ್ದೇನೆ, ಈ ವಾರ ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತೇನೆ.